ಪಾತ್ರೆಯ ಮಾತು ಬಿಟ್ಟುಹೋಗಿದೆ

ಮಾನ್ಯ ಸಂಪಾದಕರೇ,

ಬಳಸಿದ ಅಣು ಇಂಧನವನ್ನು ಕರಗಿದ ಉಪ್ಪಿನಲ್ಲಿ ಮರುಸಂಸ್ಕರಿಸುವ ವಿಧಾನ ಕುರಿತು ತಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನವನ್ನು ಓದಿದೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿರುವುದರಿಂದ ನಮ್ಮ ಭಾಗದವರು ಇಂಥ ಬರಹಗಳನ್ನು ಬರೀ ಕುತೂಹಲಕ್ಕೆ ಓದುವುದಿಲ್ಲ. ತುಕ್ಕು ಹಿಡಿಯದ ಸ್ಟೀಲಿನ ಪಾತ್ರೆಯೊಂದಿದ್ದರೆ ಈ ಕೆಲಸಕ್ಕೆ ಸಾಕು ಎಂದು ಅದರಲ್ಲಿ ಹೇಳಿರುವುದನ್ನು ತಿದ್ದಬೇಕೆಂದು ಈ ಪತ್ರ.

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಿರುವುದು ಅದರೊಳಗಿನ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಮೈಮೇಲೆ ಕಟ್ಟುವ ತೆಳು ಪೊರೆಯಿಂದ. ಇಲ್ಲಿ ಬಳಸುವ ಲಿಥಿಯಂ ಕ್ಲೋರೈಡ್–ಪೊಟ್ಯಾಸಿಯಂ ಕ್ಲೋರೈಡ್ ಮಿಶ್ರಣ ಸುಮಾರು 355 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಕೆಲಸ ನಡೆಯುವುದು 500ರ ಆಸುಪಾಸಿನಲ್ಲಿ. ಅಂಥ ಉಪ್ಪಿನಲ್ಲಿ ಆ ಪೊರೆ ನಿಲ್ಲದು. ನಂತರ ಕಬ್ಬಿಣ, ನಿಕಲ್‌ಗಳಿಗಿಂತ ಮೊದಲು ಉಪ್ಪಿಗೆ ಇಳಿಯುವುದು ಕ್ರೋಮಿಯಮ್ಮೇ. ಕಾವಲಿಗೆ ನಿಂತವನೇ ಮೊದಲು ಮನೆ ಬಿಟ್ಟಂತೆ.

ಬೀದರಿನವರು ಇದನ್ನು ಕಣ್ಣಾರೆ ಕಾಣಬಹುದು. ಬಿದ್ರಿ ಕೆಲಸಗಾರರು ಕೋಟೆಯ ಮಣ್ಣಿಗೆ ನವಸಾಗರ ಕಲಸಿ, ಹದವಾಗಿ ಕಾಯಿಸಿದ ಹೂದಾನಿಗೆ ಬಳಿದು ಉಜ್ಜಿದಾಗ ಸತು–ತಾಮ್ರದ ಮೈ ಕಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿಯ ಬಳ್ಳಿ ಮಾತ್ರ ಹೊಳೆಯುತ್ತಲೇ ಇರುತ್ತದೆ. ನವಸಾಗರವೂ ಒಂದು ಕ್ಲೋರೈಡೇ. ಮಣ್ಣಿನ ಪಾಲೂ ಅದರಲ್ಲಿದೆ, ನಿಜ. ಆದರೂ ಒಂದೇ ಲೇಪ ಒಂದು ಲೋಹವನ್ನು ಹಿಡಿದು ಇನ್ನೊಂದನ್ನು ಬಿಡುವುದು ಅಲ್ಲಿ ಎದ್ದು ಕಾಣುತ್ತದೆ.

ಹಾಗಾದರೆ ನಿಕಲ್ಲಿನ ಪಾತ್ರೆ ಆಗದೇ ಎನ್ನಬಹುದು. ಕ್ಲೋರೈಡಿನೆದುರು ನಿಕಲ್ ಗಟ್ಟಿಯೇ. ಆದರೆ ಕೆಲವು ಪಾತ್ರೆಗಳ ತಳದಲ್ಲಿ ಕರಗಿದ ಕ್ಯಾಡ್ಮಿಯಂ ಇರುತ್ತದೆ, ಅದರಲ್ಲಿ ನಿಕಲ್ ಕರಗಿಹೋಗುತ್ತದೆ, ಕಬ್ಬಿಣ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಅಮೆರಿಕದ ಇಡಾಹೊದಲ್ಲಿ ಇಬಿಆರ್-2 ಎಂಬ ಪ್ರಾಯೋಗಿಕ ರಿಯಾಕ್ಟರಿನ ಇಂಧನವನ್ನು 1996ರಿಂದ ಸಂಸ್ಕರಿಸಿದ್ದು ಸ್ಟೀಲಿನ ಪಾತ್ರೆಯಲ್ಲಿಯೇ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಬಾಳುವುದು ಆರ್ಗಾನ್ ಎಂಬ ಜಡ ಅನಿಲ ತುಂಬಿದ, ತೇವವಾಗಲಿ ಆಮ್ಲಜನಕವಾಗಲಿ ಸುಳಿಯದ ಕೋಣೆಯೊಳಗೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಲಿಥಿಯಂ ಕ್ಲೋರೈಡ್ ಅದಕ್ಕಿಂತ ಎಷ್ಟೋ ಹೆಚ್ಚು ನೀರು ಹೀರುತ್ತದೆ, ಆ ತೇವ ಕಾದಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಎದ್ದು ಲೋಹವನ್ನು ತಿನ್ನುತ್ತದೆ.

ಉಪ್ಪಿನಕಾಯಿಯನ್ನು ಪಿಂಗಾಣಿ ಜಾಡಿಯಲ್ಲಿಡುವ ನಮ್ಮ ಮನೆಗಳ ಜಾಣತನವೂ ಇಲ್ಲಿ ಪೂರ್ತಿ ಸಾಗದು. ಆಕ್ಸೈಡ್ ಇಂಧನವನ್ನು ಲೋಹವಾಗಿಸುವ ಹಂತದಲ್ಲಿ, 650 ಡಿಗ್ರಿಯಲ್ಲಿ, ಉಪ್ಪಿನೊಳಗೆ ಲಿಥಿಯಂ ಲೋಹವೂ ಇರುತ್ತದೆ. ಅದು ಪಿಂಗಾಣಿಯೊಳಗಿನ ಸಿಲಿಕಾದಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಅಲ್ಯೂಮಿನಾವನ್ನೂ ಸುಮ್ಮನೆ ಬಿಡುವುದಿಲ್ಲ. ಅದೇ ಹೊತ್ತಿಗೆ ಆನೋಡ್ ಎಂಬ ಧನ ವಿದ್ಯುದಗ್ರದ ಬಳಿ ಬಿಸಿ ಆಮ್ಲಜನಕ ಹೊಮ್ಮುತ್ತಿರುತ್ತದೆ. ಕೊನೆಗೆ ಯುರೇನಿಯಂ ಅನ್ನು ಅದರ ಕರಗುವ ಬಿಂದುವಾದ 1132 ಡಿಗ್ರಿ ದಾಟಿಸಿ ಕರಗಿಸುವಾಗ ಬರಿ ಗ್ರಾಫೈಟ್ ಮೂಸೆಯಾದರೆ ಯುರೇನಿಯಂ ಕಾರ್ಬೈಡ್ ಆಗುತ್ತದೆ. ಆದ್ದರಿಂದ ಅದರ ಒಳಮೈಗೆ ಜಿರ್ಕೋನಿಯಾ ಇಲ್ಲವೇ ಯಿಟ್ರಿಯಾ ಎಂಬ ಶಾಖ ತಾಳುವ ಆಕ್ಸೈಡನ್ನು ಲೇಪಿಸುತ್ತಾರೆ.

ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದಲ್ಲೂ ಲೋಹ ಇಂಧನಕ್ಕೆ ಈ ವಿಧಾನವನ್ನು ರೂಪಿಸುವ ಕೆಲಸ ನಡೆದಿದೆ. ಹಂತ ಬದಲಾದಂತೆ ಪಾತ್ರೆಯೂ ಬದಲಾಗುವುದರಿಂದ, ತಾವು ತಿದ್ದುಪಡಿ ಪ್ರಕಟಿಸುವುದಾದರೆ ದಯವಿಟ್ಟು ‘ಪಾತ್ರೆಯೊಂದು’ ಎಂಬ ಏಕವಚನವನ್ನೂ ಬದಲಿಸಬೇಕಾಗಿ ವಿನಂತಿ.

ಇಂತಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ
ಬೀದರ್