ಮಗಳಿಗೊಂದು ಪತ್ರ: ಲಾಟಿನ ತಳಕ್ಕೆ ಕೈ ಹಾಕಿ ನೋಡು

ಶಿಡ್ಲಘಟ್ಟ
ಭಾನುವಾರ

ಪ್ರೀತಿಯ ಪುಟ್ಟಿ,

ಷೇರು ಇಡೋ ಡಿಮ್ಯಾಟ್ ಖಾತೆ ತೆರೆದೆ ಅಂತ ನೀನು ಫೋನ್ ಮಾಡಿದಾಗ ನೂಲು ಬಿಚ್ಚೋ ಮಿಷನ್ ಸದ್ದಿನಲ್ಲಿ ಸರಿಯಾಗಿ ಮಾತಾಡೋಕೆ ಆಗಲಿಲ್ಲ. 'ಇನ್ನೂರು ರೂಪಾಯಿ ಇದ್ದ ಷೇರು ತೊಂಬತ್ತಕ್ಕೆ ಬಂದಿದೆ, ಅಗ್ಗ ಅಪ್ಪಾ' ಅಂದೆಯಲ್ಲ, ಆ ಮಾತು ಮನಸ್ಸಲ್ಲೇ ಕೂತಿದೆ. ಅದಕ್ಕೇ ಬರೀತಿದ್ದೀನಿ.

ಚಿಕ್ಕವಳಿದ್ದಾಗ ನನ್ನ ಜೊತೆ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಬರ್ತಿದ್ದೆ, ನೆನಪಿದೆಯಾ? ಲಾಟಿನ, ಅಂದರೆ ಹರಾಜಿಗಿಟ್ಟ ಗೂಡಿನ ರಾಶಿಯ, ತಳದವರೆಗೂ ನಾನು ಕೈ ಹಾಕಿ ಒಂದು ಹಿಡಿ ಗೂಡು ತೆಗೆದು ನಿನ್ನ ಕಿವಿ ಹತ್ತಿರ ಅಲ್ಲಾಡಿಸ್ತಿದ್ದೆ. ಗಲಗಲ ಅಂದರೆ ಒಳಗಿನ ಹುಳು ಗಟ್ಟಿಯಾಗಿದೆ. ಸದ್ದೇ ಬರದಿದ್ದರೆ ಸತ್ತು ಕರಗಿ ಗೂಡಿಗೆ ಅಂಟಿಕೊಂಡಿದೆ, ಬಿಚ್ಚುವಾಗ ಎಳೆ ಕಡಿಯುತ್ತೆ. ಅಂಥದ್ದು ಅರ್ಧ ರೇಟಿಗೆ ಸಿಕ್ಕರೂ ನಷ್ಟವೇ.

ಆಮೇಲೆ ರೆಂಡಿಟ್ಟಾ ಲೆಕ್ಕ, ಅಂದರೆ ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕು ಅನ್ನೋದು. ಏಳು ಕೆಜಿ ಗೂಡಿಗೆ ಒಂದು ಕೆಜಿ ನೂಲು ಅಂದುಕೋ. ನೂಲು 4,200 ರೂಪಾಯಿಗೆ ಹೋದರೆ ಕೂಲಿ, ಸೌದೆ, ಕರೆಂಟು ಅಂತ 700 ಕಳೆ. ಉಳಿದ 3,500ನ್ನು ಏಳರಿಂದ ಭಾಗಿಸು. ಗೂಡಿನ ಯೋಗ್ಯತೆ ಕೆಜಿಗೆ 500. ಆದರೂ ನಾನು 430 ದಾಟಿ ಕೂಗ್ತಿರಲಿಲ್ಲ. ನನ್ನ ಅಂದಾಜು ತಪ್ಪಬಹುದು, ನೂಲಿನ ರೇಟು ಬೀಳಬಹುದು. ಆ 70 ರೂಪಾಯಿ ಎಷ್ಟೋ ಸಲ ನಮ್ಮ ಮನೆ ಉಳಿಸಿದೆ. ಷೇರು ಹೂಡಿಕೆಯಲ್ಲಿ ಹೆಸರಾದ ವಾರೆನ್ ಬಫೆಟ್‌ಗೆ ಪಾಠ ಹೇಳಿದ ಬೆಂಜಮಿನ್ ಗ್ರಹಾಂ 'ಮಾರ್ಜಿನ್ ಆಫ್ ಸೇಫ್ಟಿ' (ಸುರಕ್ಷತೆಯ ಅಂತರ) ಅಂದದ್ದು ಇದನ್ನೇ.

ಕಂಪನಿಯ ವಾರ್ಷಿಕ ವರದಿಯೇ ನಿನಗೆ ಲಾಟಿನ ತಳ. ಮುಂದಿನ ಬಣ್ಣದ ಪುಟಗಳಲ್ಲೇ ನಿಲ್ಲಬೇಡ. ಹತ್ತು ವರ್ಷದಲ್ಲಿ ಲಾಭ ಹೇಗೆ ಬಂದಿದೆ, ಸಾಲ ಎಷ್ಟಿದೆ, ಲಾಭ ಅಂತ ಬರೆದದ್ದು ನಗದಾಗಿ ಕೈಸೇರಿದೆಯಾ, ಪ್ರವರ್ತಕರು, ಅಂದರೆ ಕಂಪನಿ ಕಟ್ಟಿ ನಡೆಸೋರು, ತಮ್ಮ ಷೇರನ್ನು ಸಾಲಕ್ಕೆ ಅಡ ಇಟ್ಟಿದ್ದಾರಾ ನೋಡು. ಅಡದ ವಿಷಯವನ್ನು ಬಹಳ ಜನ ನೋಡೋದೇ ಇಲ್ಲ.

ನಾನಂತೂ ಒಮ್ಮೆ ವರದಿಯನ್ನೇ ನೋಡಿರಲಿಲ್ಲ. 2008ರ ಜನವರಿಯಲ್ಲಿ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 21,000 ಮುಟ್ಟಿತ್ತು. ಪರಿಚಯದವರೊಬ್ಬರ ಮಾತು ನಂಬಿ, ನಿನ್ನ ಓದಿಗೆ ಅಂತ ಇಟ್ಟಿದ್ದ 40,000 ರೂಪಾಯಿ ಒಂದೇ ಕಂಪನಿಗೆ ಹಾಕಿದೆ. ಗೂಡು ಮುಟ್ಟಿ ನೋಡದೆ ರೇಟು ಕೂಗದವನು, ಆ ಕಂಪನಿ ಏನು ಮಾಡುತ್ತೆ ಅಂತಲೂ ಕೇಳಲಿಲ್ಲ. ಅಕ್ಟೋಬರಿನಲ್ಲಿ ಸೆನ್ಸೆಕ್ಸ್ 9,000ಕ್ಕಿಂತ ಕೆಳಗೆ ಬಿತ್ತು. ಮುಂದೆ ಅದು ಚೇತರಿಸಿಕೊಂಡಿತು, ನನ್ನ ಕಂಪನಿ ಮೇಲೇಳಲೇ ಇಲ್ಲ. ಅದರ ಸಾಲದ ಹೊರೆ ವರದಿಯಲ್ಲಿ ಮೊದಲೇ ಇತ್ತು ಮಗಳೇ. ನಿಮ್ಮಮ್ಮನಿಗೆ ಹೇಳೋಕೆ ಮೂರು ತಿಂಗಳು ಬೇಕಾಯಿತು.

ಷೇರಿನ ಮುಂದಿನ ಬೆಲೆ ಮೇಲೆ ಪಣ ಕಟ್ಟೋ ಫ್ಯೂಚರ್ಸ್, ಆಪ್ಷನ್ ವ್ಯವಹಾರಕ್ಕಂತೂ ಹೋಗಲೇಬೇಡ. 2021-22ರಿಂದ ಮೂರು ವರ್ಷದಲ್ಲಿ ಫ್ಯೂಚರ್ಸ್, ಆಪ್ಷನ್‌ಗೆ ಇಳಿದ ನಮ್ಮಂಥವರಲ್ಲಿ ನೂರಕ್ಕೆ 93 ಮಂದಿ ದುಡ್ಡು ಕಳೆದುಕೊಂಡರು ಅಂತ ಷೇರುಪೇಟೆಯ ನಿಯಂತ್ರಕ ಸೆಬಿಯೇ ಲೆಕ್ಕ ಕೊಟ್ಟಿದೆ.

ಸಂಕ್ರಾಂತಿಗೆ ಬರುವಾಗ ಆ ತೊಂಬತ್ತು ರೂಪಾಯಿ ಕಂಪನಿಯ ವರದಿಗಳನ್ನು ಪ್ರಿಂಟ್ ತೆಗೆಸಿಕೊಂಡು ಬಾ. ಅಲ್ಲಿವರೆಗೂ ಕೊಳ್ಳಬೇಡ. ಜಗುಲಿ ಮೇಲೆ ಕೂತು ಇಬ್ಬರೂ ನೋಡೋಣ. ಅಮ್ಮ ಹಿದುಕಿದ ಬೇಳೆ ಸಾರು ಮಾಡ್ತಾಳಂತೆ.

ನಿನ್ನ,
ಅಪ್ಪ