ಸರ್ವರ್‌ನಲ್ಲಿ ಲೈಬ್ರರಿ ಹಾಕುವ ಮುನ್ನ

ಎಲ್ಲರ ಗಮನಕ್ಕೆ: 'ಸುಡೊ ಪಿಪ್ ಇನ್‌ಸ್ಟಾಲ್' (ನಿರ್ವಾಹಕರ ಅಧಿಕಾರದಲ್ಲಿ ಇಡೀ ಸಿಸ್ಟಂಗೆ ಪೈಥಾನ್ ಪ್ಯಾಕೇಜ್ ಹಾಕುವ ಕಮಾಂಡ್) ಯಾರೂ ಓಡಿಸಬೇಡಿ. ಸಿಸ್ಟಂ ಪೈಥಾನ್ ಮೇಲೆ ಆಪರೇಟಿಂಗ್ ಸಿಸ್ಟಂನ ಟೂಲ್‌ಗಳೇ ನಿಂತಿವೆ. ಒಬ್ಬರು ನಂಪೈ (ಸಂಖ್ಯೆಗಳ ಲೆಕ್ಕಕ್ಕೆ ಬಳಸುವ ಪೈಥಾನ್ ಲೈಬ್ರರಿ) ಆವೃತ್ತಿ 1ರಿಂದ 2ಕ್ಕೆ ಏರಿಸಿದರೆ ಸಾಕು, ಹಳೆಯದಕ್ಕೆ ಕಂಪೈಲ್ ಆದ ಉಳಿದವರ ಪ್ಯಾಕೇಜ್‌ಗಳು ಇಂಪೋರ್ಟ್‌ನಲ್ಲೇ ಮಗುಚಿಕೊಳ್ಳುತ್ತವೆ.

ಹಂಚಿಕೆಯ ಲೈಬ್ರರಿಗಳು ಆವೃತ್ತಿಗೊಂದು ಡೈರೆಕ್ಟರಿಯಲ್ಲಿವೆ. ಹಳೆಯದರ ಮೇಲೆ ಹೊಸದನ್ನು ಬರೆಯುವುದಿಲ್ಲ. 'ಮಾಡ್ಯೂಲ್ ಅವೈಲ್' ಕಮಾಂಡ್ ಕೊಟ್ಟರೆ ಅವುಗಳ ಪಟ್ಟಿ ಬರುತ್ತದೆ. ಬೇಕಾದದ್ದನ್ನು ಬಳಕೆಗೆ ತರಲು 'ಮಾಡ್ಯೂಲ್ ಲೋಡ್' ಮಾಡುವಾಗ ಆವೃತ್ತಿ ಸಂಖ್ಯೆ ಬಿಡಬೇಡಿ, ಡಿಫಾಲ್ಟ್ ಬದಲಾದ ದಿನ ಫಲಿತಾಂಶವೂ ಬದಲಾದೀತು.

ನಿಮಗೊಬ್ಬರಿಗೇ ಬೇಕಾದದ್ದಕ್ಕೆ ವೆನ್ವ್ (ಬೇರೆಯವರಿಗೆ ತಾಗದ ಪ್ರತ್ಯೇಕ ಪೈಥಾನ್ ಪರಿಸರ) ಸಾಕು. ಪಿಪ್‌ನ 'ಯೂಸರ್' ಆಯ್ಕೆ ಮಾತ್ರ ಬೇಡ, ಅದು ದೊಡ್ಡ ತಲೆನೋವು: ನಿಮ್ಮ ಹೋಮ್ ಡೈರೆಕ್ಟರಿಯ ಡಾಟ್ ಲೋಕಲ್ ಫೋಲ್ಡರ್‌ನಲ್ಲಿ ಕೂತ ಹಳೇ ಪ್ಯಾಕೇಜ್, ಲೋಡ್ ಮಾಡಿದ ಪೈಥಾನ್‌ನದ್ದಕ್ಕಿಂತ ಮೊದಲು ಸಿಗುತ್ತದೆ. ಅನುಮಾನವಿದ್ದರೆ ಪೈಥಾನ್ ಕಮಾಂಡಿಗೆ ಹೈಫನ್ ಜತೆ ಸಣ್ಣ 'ಎಸ್' ಸೇರಿಸಿ ಓಡಿಸಿ, ಆಗ ಅದು ಡಾಟ್ ಲೋಕಲ್‌ನ ಪ್ಯಾಕೇಜ್‌ಗಳನ್ನು ನೋಡುವುದಿಲ್ಲ. ದೋಷ ಮಾಯವಾದರೆ ಕಳ್ಳ ಅಲ್ಲೇ ಇದ್ದಾನೆ.

ಎಲ್ಲರಿಗೂ ಬೇಕಾದ ಲೈಬ್ರರಿಯಾದರೆ ಹೆಸರು, ಆವೃತ್ತಿ, ಪೈಥಾನ್ ಆವೃತ್ತಿ ಮೂರನ್ನೂ ಇಲ್ಲಿ ಬರೆಯಿರಿ.