ಚರ್ಚ್ ಹಾಲ್‌ನಲ್ಲಿ ಟೀ ಕೊಟ್ಟ ಆ ಅಮ್ಮನಿಗೆ

ಆವತ್ತು ನಿಮ್ಮ ಹೆಸರು ಕೇಳಲಿಲ್ಲ. ತಲೆ ಎತ್ತಿ ನೋಡುವುದಕ್ಕೇ ನಾಚಿಕೆ ಆಗುತ್ತಿತ್ತು.

ಇಂಗ್ಲೆಂಡಿಗೆ ಬಂದು ಎರಡನೇ ಚಳಿಗಾಲ. ಗಂಡನ ಕೆಲಸ ಹೋಗಿತ್ತು, ಕೊನೆಯ ಸಂಬಳವೂ ಕೈಗೆ ಬಂದಿರಲಿಲ್ಲ. ಮಗಳ ಶಾಲೆಯವರು ಒಂದು ವೋಚರ್ ಕೊಟ್ಟು ಚರ್ಚ್ ಹಾಲ್‌ನಲ್ಲಿರುವ ಫುಡ್ ಬ್ಯಾಂಕಿಗೆ ಹೋಗಿ ಅಂದರು, ಮೂರು ದಿನಕ್ಕಾಗುವಷ್ಟು ದಿನಸಿ ಪುಕ್ಕಟೆ ಸಿಗುತ್ತದೆ ಅಂತ. ನಾವು ಕ್ರೈಸ್ತರಲ್ಲ, ಚರ್ಚ್‌ನಲ್ಲಿ ಏನಾದರೂ ಕೇಳಿದರೆ ಏನು ಹೇಳೋದು ಅಂತ ದಾರಿಯುದ್ದಕ್ಕೂ ಅದೇ ಯೋಚನೆ. ನೀವು ಕೇಳಿದ್ದು ಒಂದೇ, ಟೀ ಕುಡಿತೀರಾ?

ನಾವು ಮಾಂಸ ತಿನ್ನುವುದಿಲ್ಲ ಅಂತ ಗೊತ್ತಾದ ಕೂಡಲೇ, ಕಟ್ಟಿಟ್ಟಿದ್ದ ಚೀಲ ಬಿಚ್ಚಿ ಟ್ಯೂನಾ, ಸಾಸೇಜ್ ಡಬ್ಬಿಗಳನ್ನು ಒಂದೊಂದಾಗಿ ಹೊರಗಿಟ್ಟು, ಒಳಗೆ ಹೋಗಿ ಎಲ್ಲೋ ಹಿಂದಿದ್ದ ಅಕ್ಕಿ, ಕಡಲೆಕಾಳು, ಮಸೂರ್ ಬೇಳೆ ಹುಡುಕಿ ತಂದಿರಿ. ನನ್ನ ಹಿಂದೆ ಸಾಲು ದೊಡ್ಡದಿತ್ತು, ಆದರೂ ಅವಸರ ಮಾಡಲಿಲ್ಲ. ಆ ರಾತ್ರಿ ಮನೆಯಲ್ಲಿ ಸಾರು ಕುದಿಯಿತು. ಮಗಳು ಎರಡು ಸಲ ಬಡಿಸಿಕೊಂಡಳು.

ಇಂಥ ಫುಡ್ ಬ್ಯಾಂಕುಗಳ ಹಿಂದಿರುವ ನಿಮ್ಮ ಟ್ರಸೆಲ್ ಸಂಸ್ಥೆಯ ಕಥೆ ಆಮೇಲೆ ಓದಿದೆ. ಬಲ್ಗೇರಿಯಾದ ಬೀದಿ ಮಕ್ಕಳಿಗೆ ಊಟ ಹಾಕಲು ದುಡ್ಡು ಕೂಡಿಸುತ್ತಿದ್ದ ಕ್ರೈಸ್ತ ದಂಪತಿಗೆ ತಮ್ಮದೇ ಊರು ಸಾಲಿಸ್‌ಬರಿಯ ಒಬ್ಬ ತಾಯಿ ಫೋನ್ ಮಾಡಿ, ಇವತ್ತು ರಾತ್ರಿ ನನ್ನ ಮಕ್ಕಳು ಹಸಿದೇ ಮಲಗಬೇಕು ಅಂದಳಂತೆ. 2000ರಲ್ಲಿ ಆ ದಂಪತಿಯ ಮನೆಯ ಶೆಡ್ಡು, ಗ್ಯಾರೇಜಿನಲ್ಲೇ ಟ್ರಸೆಲ್‌ನ ಮೊದಲ ಫುಡ್ ಬ್ಯಾಂಕ್ ಶುರುವಾಯಿತು. ಆ ತಾಯಿಯ ಸಂಕಟ ನನಗೆ ಚೆನ್ನಾಗಿ ಗೊತ್ತು.

ಈಗ ಕೆಲಸ ಸಿಕ್ಕಿದೆ. ಸೂಪರ್‌ಮಾರ್ಕೆಟ್ಟಿನ ದಾನದ ಬುಟ್ಟಿಗೆ ಪ್ರತಿ ವಾರ ಒಂದು ಪ್ಯಾಕೆಟ್ ಮಸೂರ್ ಬೇಳೆ ಹಾಕುತ್ತೇನೆ. ತುಂಬಾ ಥ್ಯಾಂಕ್ಸ್ ಅಮ್ಮಾ, ಆ ಟೀಗೂ.